ರಾಜ್ಯ ಬಿಟ್ಟರೂ ಕೇಂದ್ರ ಬಿಡದ ಗಾಂಜಾ: ಅಮೆರಿಕದ ಕಾನೂನುಗಳನ್ನು ಓದುವ ಬಗೆ

ಕೊಲೊರಾಡೊದ ಡೆನ್ವರ್ ನಗರದಲ್ಲಿ 21 ವರ್ಷ ತುಂಬಿದವರು ಯಾರೇ ಆಗಲಿ, ಗುರುತಿನ ಚೀಟಿ ತೋರಿಸಿ ಪರವಾನಗಿ ಪಡೆದ ಅಂಗಡಿಯೊಳಗೆ ಹೋಗಿ, ಗಾಂಜಾ ಕೊಂಡು, ರಾಜ್ಯಕ್ಕೆ ಸಲ್ಲಬೇಕಾದ ತೆರಿಗೆ ಕಟ್ಟಿ, ರಸೀದಿ ಹಿಡಿದು ಹೊರಬರಬಹುದು. ಅಲ್ಲಿಂದ ಒಂದೆರಡು ಗಂಟೆ ಕಾರಿನಲ್ಲಿ ಸಾಗಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದರೆ ಅದೇ ಪೊಟ್ಟಣ ಅಪರಾಧದ ವಸ್ತುವಾಗುತ್ತದೆ. ಕೈಯಲ್ಲಿರುವ ರಸೀದಿ ನೆರವಿಗೆ ಬರುವುದಿಲ್ಲ. ಉದ್ಯಾನ ಇರುವುದು ಕೊಲೊರಾಡೊದ ಒಳಗೇ, ಆದರೆ ಅದರ ನೆಲ ಫೆಡರಲ್, ಅಂದರೆ ಕೇಂದ್ರ, ಸರ್ಕಾರದ್ದು. ಫೆಡರಲ್ ಕಾಯ್ದೆಯಲ್ಲಿ ಗಾಂಜಾ ಇಟ್ಟುಕೊಂಡ ತಪ್ಪಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸೆರೆವಾಸ ಮತ್ತು ಕನಿಷ್ಠ 1,000 ಡಾಲರ್ ದಂಡ ವಿಧಿಸಲು ಅವಕಾಶವಿದೆ.

‘ಅಮೆರಿಕದಲ್ಲಿ ಈಗ ಗಾಂಜಾ ಕಾನೂನುಬದ್ಧ’ ಎಂಬ ಮಾತನ್ನು ನಮ್ಮಲ್ಲಿ ಸಲೀಸಾಗಿ ಆಡುತ್ತಾರೆ. ಅಲ್ಲಿಗೆ ಓದಲು, ದುಡಿಯಲು ಹೋದ ಕನ್ನಡಿಗರಲ್ಲೂ ಅನೇಕರು ಹಾಗೆಯೇ ನಂಬಿದ್ದಾರೆ. ಅದನ್ನು ಪೂರ್ತಿ ಸುಳ್ಳೆನ್ನಲಾಗದು, ನೆಚ್ಚಿಕೊಂಡು ನಡೆಯಲೂ ಆಗದು. ರಾಜ್ಯಗಳು ಮಾಡಿರುವ ಕೆಲಸ ಇಷ್ಟೇ: ಗಾಂಜಾಕ್ಕೆ ತಾವು ವಿಧಿಸುತ್ತಿದ್ದ ಶಿಕ್ಷೆಯನ್ನು ಹಿಂತೆಗೆದುಕೊಂಡು, ಅದರ ವ್ಯಾಪಾರಕ್ಕೆ ತಮ್ಮದೇ ನಿಯಮಗಳನ್ನು ಹಾಕಿಕೊಂಡಿವೆ. ಫೆಡರಲ್ ಕಾನೂನಿನಿಂದ ಯಾರನ್ನೂ ಬಿಡಿಸುವ ಶಕ್ತಿ ಅವಕ್ಕಿಲ್ಲ. ಇದೊಂದನ್ನು ಹಿಡಿದುಕೊಂಡರೆ ಆ ದೇಶದ ಗಾಂಜಾ ಕಾನೂನಿನಲ್ಲಿ ತಲೆಕೆಳಗಾಗಿ ಕಾಣುವ ಬಹಳಷ್ಟು ಸಂಗತಿಗಳು ನೆಟ್ಟಗೆ ಕಾಣತೊಡಗುತ್ತವೆ.

ಕೇಂದ್ರದ ಕಾನೂನು ನಿಷೇಧಿಸಿದ್ದನ್ನು ರಾಜ್ಯವೊಂದು ಹೇಗೆ ಬಿಡಬಲ್ಲದು ಎಂಬ ಪ್ರಶ್ನೆ ಭಾರತೀಯ ಓದುಗರಿಗೆ ಸಹಜವಾಗಿ ಏಳುತ್ತದೆ. ನಮ್ಮಲ್ಲಿ ಮಾದಕ ವಸ್ತುಗಳು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ ವಿಷಯ. ಮಾದಕ ವಸ್ತುಗಳನ್ನು ನಿಯಂತ್ರಿಸಲು ಸಂಸತ್ತು 1985ರಲ್ಲಿ ತಂದ ಎನ್‌ಡಿಪಿಎಸ್ ಕಾಯ್ದೆಗೆ ವಿರುದ್ಧವಾಗಿ ಕರ್ನಾಟಕದ ವಿಧಾನಮಂಡಲ ಗಾಂಜಾ ಮಾರಾಟಕ್ಕೆ ಅನುಮತಿ ಕೊಡುವ ಕಾಯ್ದೆ ಮಾಡಿದರೆ, ರಾಷ್ಟ್ರಪತಿಗಳ ಅಂಕಿತ ದೊರೆಯದ ಹೊರತು 254ನೇ ವಿಧಿಯ ಪ್ರಕಾರ ಅದು ನಿಲ್ಲುವುದಿಲ್ಲ. ಮೇಲಾಗಿ ಎನ್‌ಡಿಪಿಎಸ್ ಪ್ರಕರಣ ದಾಖಲಿಸುವವರಲ್ಲಿ ಬಹುಪಾಲು ರಾಜ್ಯದ ಪೊಲೀಸರೇ. ಕೇಂದ್ರದ ಕಾನೂನು, ರಾಜ್ಯದ ಲಾಠಿ. ಅಮೆರಿಕದ ಸಂವಿಧಾನವೂ ಫೆಡರಲ್ ಕಾನೂನೇ ಸರ್ವೋಚ್ಚ ಎನ್ನುತ್ತದೆ. ಆದರೆ ಅದರ ಜೊತೆಗೇ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ತತ್ವವನ್ನು ಕಟ್ಟಿ ನಿಲ್ಲಿಸಿದೆ: ಫೆಡರಲ್ ಸರ್ಕಾರ ತನ್ನ ಕಾನೂನನ್ನು ತನ್ನ ಅಧಿಕಾರಿಗಳಿಂದ ಜಾರಿ ಮಾಡಿಸಿಕೊಳ್ಳಲಿ, ರಾಜ್ಯದ ಅಧಿಕಾರಿಗಳನ್ನು ಬಲವಂತವಾಗಿ ಆ ಕೆಲಸಕ್ಕೆ ಹಚ್ಚುವಂತಿಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಸ್ಥಳೀಯ ಪೊಲೀಸರೇ ತಪಾಸಣೆ ಮಾಡಬೇಕೆಂಬ ನಿಯಮವನ್ನು 1997ರಲ್ಲಿ ಕೋರ್ಟ್ ಹೊಡೆದುಹಾಕಿದ್ದು ಇದೇ ತತ್ವದ ಮೇಲೆ. 2018ರಲ್ಲಿ ನ್ಯೂಜೆರ್ಸಿಯ ಕ್ರೀಡಾ ಬೆಟ್ಟಿಂಗ್ ಪ್ರಕರಣದಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ರಾಜ್ಯವೊಂದು ತಾನೇ ಹಾಕಿದ್ದ ನಿಷೇಧವನ್ನು ತೆಗೆಯಲು ಹೊರಟರೆ, ತೆಗೆಯಬೇಡ ಎಂದು ಅಪ್ಪಣೆ ಮಾಡುವ ಅಧಿಕಾರ ಅಮೆರಿಕದ ಸಂಸತ್ತಿಗಿಲ್ಲ.

ಕಾಗದದ ಮೇಲಿನ ಈ ತತ್ವಕ್ಕೆ ಬಲ ಬಂದದ್ದು ಪೊಲೀಸರ ಸಂಖ್ಯೆಯಿಂದ. ಫೆಡರಲ್ ಮಾದಕವಸ್ತು ನಿಗ್ರಹ ಸಂಸ್ಥೆಯಾದ ಡಿಇಎಯಲ್ಲಿ ತನಿಖಾ ಅಧಿಕಾರಿಗಳಿರುವುದು ಕೆಲವೇ ಸಾವಿರ. ನಗರ, ಕೌಂಟಿ ಮತ್ತು ರಾಜ್ಯಗಳ ಪೊಲೀಸರು ಲಕ್ಷಗಟ್ಟಲೆ ಇದ್ದಾರೆ. ಗಾಂಜಾಕ್ಕಾಗಿ ಆಗುತ್ತಿದ್ದ ಬಂಧನಗಳೆಲ್ಲ ಹೆಚ್ಚುಕಡಿಮೆ ಇವರು ಮಾಡಿದವೇ. ಇವರು ಕೈಬಿಟ್ಟರೆ ಬೀದಿಯಲ್ಲಿ ಸೇದುವವನನ್ನು ಹಿಡಿಯಲು ಯಾರೂ ಉಳಿಯುವುದಿಲ್ಲ. ಅಪರಾಧ ಮಾತ್ರ ಫೆಡರಲ್ ಪುಸ್ತಕದಲ್ಲಿ ಹಾಗೆಯೇ ಉಳಿದಿರುತ್ತದೆ. ಮನೆಯಂಗಳದಲ್ಲಿ, ಔಷಧಿಗೆಂದು, ರಾಜ್ಯದ ಅನುಮತಿಯ ಮೇಲೆ ಬೆಳೆದುಕೊಂಡ ಗಾಂಜಾವನ್ನೂ ಫೆಡರಲ್ ಸರ್ಕಾರ ನಿಷೇಧಿಸಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಕ್ಯಾಲಿಫೋರ್ನಿಯಾದ ರೋಗಿಗಳ ಪ್ರಕರಣದಲ್ಲಿ 6-3 ಬಹುಮತದಿಂದ ಹೇಳಿತು. ಆ ತೀರ್ಪು ಇಂದಿಗೂ ಜೀವಂತವಾಗಿದೆ.

ನಿಯಂತ್ರಿತ ವಸ್ತುಗಳನ್ನು ಐದು ಅನುಸೂಚಿಗಳಾಗಿ ವಿಂಗಡಿಸಿ, ಗಾಂಜಾವನ್ನು ಅವುಗಳಲ್ಲಿ ಅತ್ಯಂತ ಕಠಿಣವಾದ ಮೊದಲನೆಯದಕ್ಕೆ ಹಾಕಿದ್ದು 1970ರ ಫೆಡರಲ್ ಕಾಯ್ದೆ. ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತದ ಮೂಲಕ ವೈದ್ಯಕೀಯ ಬಳಕೆಗೆ ಬಾಗಿಲು ತೆರೆಯಿತು. ಮೋಜಿನ ಸೇವನೆಗೆ ಮೊದಲು ಒಪ್ಪಿದ್ದು ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು, 2012ರ ನವೆಂಬರಿನ ಮತದಾನದಲ್ಲಿ. ಒಬಾಮಾ ಸರ್ಕಾರದ ನ್ಯಾಯ ಇಲಾಖೆ 2013ರಲ್ಲಿ ಒಂದು ಜ್ಞಾಪನ ಪತ್ರ ಹೊರಡಿಸಿ, ಅಪ್ರಾಪ್ತರಿಗೆ ಮಾರದಿದ್ದರೆ, ಬೇರೆ ರಾಜ್ಯಗಳಿಗೆ ಸಾಗಿಸದಿದ್ದರೆ ತಾನು ಅಡ್ಡ ಬರುವುದಿಲ್ಲವೆಂಬ ಅರ್ಥದ ಭರವಸೆ ಕೊಟ್ಟಿತು. 2018ರ ಜನವರಿಯಲ್ಲಿ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಆ ಪತ್ರವನ್ನು ರದ್ದುಮಾಡಿದರು. ಕೋಟ್ಯಂತರ ಡಾಲರ್ ಬಂಡವಾಳ ಸುರಿದ ಉದ್ಯಮವೊಂದು ನಿಂತಿದ್ದದ್ದು ಇಲಾಖೆಯ ಒಂದು ಪತ್ರದ ಮೇಲೆ! ರದ್ದಾದ ಮೇಲೂ ಅಂಗಡಿಗಳು ಮುಚ್ಚಲಿಲ್ಲ ಎಂಬುದು ಬೇರೆ ಮಾತು. ರಾಜಕೀಯವಾಗಿ ಆ ಕೆಲಸಕ್ಕೆ ಕೈಹಾಕಲು ಯಾರೂ ಸಿದ್ಧರಿರಲಿಲ್ಲ. ವೈದ್ಯಕೀಯ ಗಾಂಜಾಕ್ಕಾದರೆ ಸ್ವಲ್ಪ ಗಟ್ಟಿಯಾದ ಆಸರೆಯಿದೆ; ರಾಜ್ಯಗಳ ವೈದ್ಯಕೀಯ ವ್ಯವಸ್ಥೆಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಖರ್ಚು ಮಾಡಬಾರದೆಂಬ ಷರತ್ತನ್ನು 2014ರ ಕೊನೆಯಲ್ಲಿ ಸಂಸತ್ತು ಬಜೆಟ್ಟಿಗೆ ಸೇರಿಸಿತು. ಮೋಜಿನ ಬಳಕೆಗೆ ಅಂತಹ ಷರತ್ತಿನ ರಕ್ಷಣೆ ಇಲ್ಲ.

2023ರ ಕೊನೆಯ ಹೊತ್ತಿಗೆ ವಯಸ್ಕರ ಮೋಜಿನ ಬಳಕೆಯನ್ನು ಒಪ್ಪಿದ ರಾಜ್ಯಗಳು 24 ಆದವು, ರಾಜಧಾನಿ ವಾಷಿಂಗ್ಟನ್ ಡಿ.ಸಿ. ಬೇರೆ. ಕೊನೆಯದಾಗಿ ಸೇರಿದ್ದು ಒಹಾಯೊ. ಮರುವರ್ಷ ಫ್ಲಾರಿಡಾದಲ್ಲಿ ಸುಮಾರು ಶೇ 56ರಷ್ಟು ಮತದಾರರು ಒಪ್ಪಿದರೂ ಅಲ್ಲಿನ ಸಂವಿಧಾನ ತಿದ್ದುಪಡಿಗೆ ಶೇ 60 ಬೇಕಾಗಿದ್ದರಿಂದ ಪ್ರಸ್ತಾವ ಬಿದ್ದುಹೋಯಿತು. ಉತ್ತರ ಮತ್ತು ದಕ್ಷಿಣ ಡಕೋಟಾಗಳಲ್ಲಿ ಮತದಾರರೇ ಒಲ್ಲೆವೆಂದರು. ಒಪ್ಪಿದ ರಾಜ್ಯಗಳ ವಾದಗಳಲ್ಲಿ ತೆರಿಗೆಯ ಆಸೆ ಇದ್ದೇ ಇತ್ತು. ಅದಕ್ಕಿಂತ ನೈತಿಕ ತೂಕವಿದ್ದದ್ದು ಬಂಧನಗಳ ಲೆಕ್ಕಕ್ಕೆ. ಸೇವನೆಯ ಪ್ರಮಾಣ ಎರಡೂ ಸಮುದಾಯಗಳಲ್ಲಿ ಹೆಚ್ಚುಕಡಿಮೆ ಒಂದೇ ಇದ್ದರೂ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಬಂಧನಕ್ಕೊಳಗಾಗುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ಜನರಿಗೆ 3.6 ಪಟ್ಟು ಹೆಚ್ಚೆಂದು ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2020ರ ವರದಿಯಲ್ಲಿ ತೋರಿಸಿತ್ತು. ನ್ಯೂಯಾರ್ಕ್ 2021ರಲ್ಲಿ ಕಾಯ್ದೆ ಮಾಡುವಾಗ ಹಳೆಯ ಶಿಕ್ಷೆಗಳನ್ನು ದಾಖಲೆಯಿಂದ ಅಳಿಸುವ ವ್ಯವಸ್ಥೆಯನ್ನೂ ಜೊತೆಗೆ ತಂದದ್ದು ಈ ಹಿನ್ನೆಲೆಯಲ್ಲಿಯೇ.

ಇಪ್ಪತ್ನಾಲ್ಕು ರಾಜ್ಯಗಳೆಂದ ಮಾತ್ರಕ್ಕೆ ಒಂದೇ ಕಾನೂನಿನ ಇಪ್ಪತ್ನಾಲ್ಕು ಪ್ರತಿಗಳಿವೆ ಎಂದುಕೊಳ್ಳಬಾರದು. ಎಲ್ಲೆಡೆ ಸಮಾನವಾಗಿರುವ ಮುಖ್ಯ ನಿಯಮವೆಂದರೆ 21 ವರ್ಷದ ವಯೋಮಿತಿ. ಎಷ್ಟು ಇಟ್ಟುಕೊಳ್ಳಬಹುದೆಂಬುದನ್ನೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 28.5 ಗ್ರಾಂ, ನ್ಯೂಯಾರ್ಕಿನಲ್ಲಿ 3 ಔನ್ಸ್, ಅಂದರೆ ಸುಮಾರು 85 ಗ್ರಾಂ, ಪಕ್ಕದ ನ್ಯೂಜೆರ್ಸಿಯಲ್ಲಿ 6 ಔನ್ಸ್. ಇಲಿನಾಯ್ ರಾಜ್ಯ ತನ್ನ ನಿವಾಸಿಗಳಿಗೆ 30 ಗ್ರಾಂ ಬಿಟ್ಟು, ಹೊರಗಿನಿಂದ ಬಂದವರಿಗೆ ಅದರ ಅರ್ಧ ಮಾತ್ರ ಬಿಡುತ್ತದೆ. ಉದಾರವಾಗಿ 6 ಔನ್ಸ್ ಕೊಟ್ಟ ನ್ಯೂಜೆರ್ಸಿಯಲ್ಲಿ ಮನೆಯಲ್ಲಿ ಒಂದೇ ಒಂದು ಗಿಡ ಬೆಳೆಸುವುದೂ ಗಂಭೀರ ಅಪರಾಧ. ಮಿಷಿಗನ್‌ನಲ್ಲಿ ಒಂದು ಮನೆಗೆ 12 ಗಿಡ ಬೆಳೆಸಬಹುದು. ವರ್ಜೀನಿಯಾ 2021ರಿಂದಲೇ ಒಂದು ಔನ್ಸ್ ಇಟ್ಟುಕೊಳ್ಳಲೂ ನಾಲ್ಕು ಗಿಡ ಬೆಳೆಸಲೂ ಬಿಟ್ಟಿದೆ, ಆದರೆ ಅಂಗಡಿ ವ್ಯಾಪಾರ ಆರಂಭಿಸುವ ಮಸೂದೆಗಳನ್ನು ಆಗಿನ ಗವರ್ನರ್ ಗ್ಲೆನ್ ಯಂಗ್ಕಿನ್ 2024ರಲ್ಲೂ 2025ರಲ್ಲೂ ವೀಟೊ ಮಾಡಿದರು. ವಾಷಿಂಗ್ಟನ್ ಡಿ.ಸಿ.ಯ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿನ ಮತದಾರರು 2014ರಲ್ಲಿಯೇ ಒಪ್ಪಿದ್ದರೂ ನಗರದ ಬಜೆಟ್ಟಿನ ಮೇಲೆ ಹಿಡಿತವಿರುವ ಸಂಸತ್ತು ಮಾರಾಟ ವ್ಯವಸ್ಥೆಗೆ ಹಣ ಖರ್ಚು ಮಾಡದಂತೆ ತಡೆದಿದ್ದರಿಂದ, ಟೀ ಶರ್ಟನ್ನೋ ಚಿತ್ರವನ್ನೋ ದುಬಾರಿ ಬೆಲೆಗೆ ಮಾರಿ ಗಾಂಜಾವನ್ನು ‘ಉಡುಗೊರೆ’ಯಾಗಿ ಕೊಡುವ ಅಂಗಡಿಗಳು ಹುಟ್ಟಿಕೊಂಡವು.

ರಾಜ್ಯದೊಳಗೂ ಊರಿಂದೂರಿಗೆ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾ 2016ರಲ್ಲಿ ಒಪ್ಪಿದಾಗ, ಅಂಗಡಿಗೆ ಅವಕಾಶ ಕೊಡುವ ಅಥವಾ ಕೊಡದಿರುವ ತೀರ್ಮಾನವನ್ನು ನಗರ ಮತ್ತು ಕೌಂಟಿಗಳಿಗೆ ಬಿಟ್ಟಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡವೆಂದವು. ಅಂಗಡಿಯಿಲ್ಲದ ಊರಲ್ಲಿ ಬೇಡಿಕೆ ಮಾಯವಾಗುವುದಿಲ್ಲ, ಕಳ್ಳ ವ್ಯಾಪಾರಿಯ ಕೈಗೆ ಹೋಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ಆದದ್ದು ಇದರ ಇನ್ನೊಂದು ರೂಪ. ಕಾಯ್ದೆ 2021ರ ಮಾರ್ಚಿನಲ್ಲಿ ಬಂತು, ಮೊದಲ ಅಧಿಕೃತ ಅಂಗಡಿ ತೆರೆದದ್ದು 2022ರ ಡಿಸೆಂಬರ್ ಕೊನೆಯಲ್ಲಿ. ನಡುವಿನ ಅವಧಿಯಲ್ಲಿ ಪರವಾನಗಿಯಿಲ್ಲದ ಅಂಗಡಿಗಳು ಸಾವಿರಗಟ್ಟಲೆ ತಲೆಯೆತ್ತಿ, 2024ರಲ್ಲಿ ಅವುಗಳಿಗೆ ಬೀಗ ಹಾಕಲು ಪ್ರತ್ಯೇಕ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಶಿಕ್ಷೆಯನ್ನು ಒಂದೇ ದಿನದಲ್ಲಿ ತೆಗೆದುಹಾಕಬಹುದು. ಪರವಾನಗಿ ವ್ಯವಸ್ಥೆಯನ್ನು ಕಟ್ಟಲು ವರ್ಷಗಳು ಹಿಡಿಯುತ್ತವೆ. ಈ ಅಂತರವನ್ನು ಮೊದಲೇ ಲೆಕ್ಕಹಾಕದ ರಾಜ್ಯಗಳೆಲ್ಲ ಏಟು ತಿಂದಿವೆ.

ಒಪ್ಪದ ರಾಜ್ಯಗಳಲ್ಲಿ ಕಾನೂನು ಎಷ್ಟು ಕಠಿಣವೆಂಬುದನ್ನು ತಿಳಿಯಲು ಟೆಕ್ಸಾಸ್ ಸಾಕು. ಡಲ್ಲಾಸ್ ಮತ್ತು ಆಸ್ಟಿನ್ ಸುತ್ತಮುತ್ತ ಕನ್ನಡಿಗರೂ ಕಡಿಮೆಯೇನಿಲ್ಲ. ಅಲ್ಲಿ ಎರಡು ಔನ್ಸಿನೊಳಗೆ ಗಾಂಜಾ ಸಿಕ್ಕರೆ 180 ದಿನಗಳವರೆಗೆ ಜೈಲು. ಅದಕ್ಕಿಂತ ಅಪಾಯಕಾರಿಯಾದದ್ದು ಗಾಂಜಾದ ಸಾರವನ್ನು ಬೆರೆಸಿದ ಮಿಠಾಯಿ, ಚಾಕೊಲೇಟು, ವೇಪ್ ಕೊಳವೆಗಳು. ಇವು ಹೆಚ್ಚು ಶಿಕ್ಷೆಯ ಬೇರೊಂದು ವರ್ಗಕ್ಕೆ ಸೇರುವುದರಿಂದ ಒಂದು ಗ್ರಾಮಿಗಿಂತ ಕಡಿಮೆಯಿದ್ದರೂ ಘೋರ ಅಪರಾಧವಾಗುತ್ತದೆ, ಮತ್ತು ತೂಗುವಾಗ ಮಾದಕ ಅಂಶವನ್ನು ಮಾತ್ರ ಬೇರ್ಪಡಿಸಿ ತೂಗದೆ ಸಕ್ಕರೆ, ಬೆಣ್ಣೆ ಸಮೇತ ಇಡೀ ತಿನಿಸನ್ನು ತೂಗುತ್ತಾರೆ. ಕೊಲೊರಾಡೊ ಪ್ರವಾಸ ಮುಗಿಸಿ ಬರುವಾಗ ಚೀಲದಲ್ಲಿ ಉಳಿದುಹೋದ ಒಂದು ಡಬ್ಬಿ ಮಿಠಾಯಿ ವರ್ಷಗಟ್ಟಲೆ ಸೆರೆವಾಸದ ಮೊಕದ್ದಮೆಯಾಗಬಲ್ಲದು. ವಿಪರ್ಯಾಸವೆಂದರೆ ಅದೇ ಟೆಕ್ಸಾಸಿನ ಪೆಟ್ರೋಲ್ ಬಂಕುಗಳಲ್ಲಿ ನಶೆಯ ಮಿಠಾಯಿ ಬಹಿರಂಗವಾಗಿ ಮಾರಾಟವಾಗುತ್ತಿತ್ತು. ಒಣ ತೂಕದಲ್ಲಿ ಶೇ 0.3 ಮೀರದಷ್ಟು ಡೆಲ್ಟಾ-9 ಟಿಎಚ್‌ಸಿ (ಗಾಂಜಾದಲ್ಲಿ ನಶೆ ತರುವ ಅಂಶ) ಇರುವ ಗಿಡವನ್ನು ಸೆಣಬಿನಂತಹ ಸಾಧಾರಣ ಬೆಳೆಯೆಂದು ಪರಿಗಣಿಸಿದ 2018ರ ಫೆಡರಲ್ ಕೃಷಿ ಕಾಯ್ದೆಯ ಸಂದಿಯಲ್ಲಿ ಈ ವ್ಯಾಪಾರ ಬೆಳೆಯಿತು. ಇದನ್ನು ನಿಷೇಧಿಸುವ ಮಸೂದೆಯನ್ನು ಟೆಕ್ಸಾಸ್ ಗವರ್ನರ್ 2025ರ ಜೂನ್‌ನಲ್ಲಿ ವೀಟೊ ಮಾಡಿದರೆ, ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಸಂಸತ್ತು ವ್ಯಾಖ್ಯೆಯನ್ನೇ ಬದಲಿಸಿ, ಒಂದು ವರ್ಷದ ಗಡುವಿನೊಡನೆ ಆ ಸಂದಿಯನ್ನು ಮುಚ್ಚಲು ಹೊರಟಿತು.

ಗಾಂಜಾವನ್ನು ಒಪ್ಪಿದ ಎರಡು ರಾಜ್ಯಗಳ ನಡುವಿನ ಗಡಿಯನ್ನೂ ಅದು ದಾಟುವಂತಿಲ್ಲ. ಆರೆಗನ್‌ನಲ್ಲಿ ಬೆಳೆದದ್ದು ಆರೆಗನ್‌ನಲ್ಲೇ, ವಾಷಿಂಗ್ಟನ್‌ನಲ್ಲಿ ಬೆಳೆದದ್ದು ಅಲ್ಲಿಯೇ ಮಾರಾಟವಾಗಬೇಕು, ಏಕೆಂದರೆ ಅಂತರರಾಜ್ಯ ವ್ಯಾಪಾರ ಫೆಡರಲ್ ಅಧಿಕಾರದ ನಟ್ಟನಡುವಿನ ವಿಷಯ. ಹೀಗಾಗಿ ಮಳೆ, ಬಿಸಿಲು, ಮಣ್ಣು ಎಲ್ಲ ಹೊಂದುವ ಆರೆಗನ್‌ನಲ್ಲಿ ಬೆಳೆ ಮಿಕ್ಕು ಬೆಲೆ ಕುಸಿದರೆ, ಚಳಿ ಪ್ರದೇಶದ ರಾಜ್ಯಗಳು ವಿದ್ಯುತ್ ದೀಪದ ಕೆಳಗೆ ದುಬಾರಿಯಾಗಿ ಬೆಳೆಯುತ್ತವೆ. ಹಣದ ವ್ಯವಹಾರವೂ ಇಷ್ಟೇ ತೊಡಕಿನದು. ಬ್ಯಾಂಕುಗಳು ಫೆಡರಲ್ ನಿಯಂತ್ರಣದಲ್ಲಿರುವುದರಿಂದ ಬಹಳಷ್ಟು ಅಂಗಡಿಗಳು ನಗದಿನಲ್ಲಿಯೇ ನಡೆಯುತ್ತವೆ. ಬ್ಯಾಂಕುಗಳಿಗೆ ರಕ್ಷಣೆ ಕೊಡುವ ಮಸೂದೆಗೆ ಕೆಳಮನೆ 2019ರಿಂದ ಹಲವು ಸಲ ಒಪ್ಪಿಗೆ ನೀಡಿದರೂ ಸೆನೆಟ್ ದಾಟಿಲ್ಲ. ಆದಾಯ ತೆರಿಗೆಯ 280ಇ ಎಂಬ ಕಲಂ 1982ರಲ್ಲಿ ಬಂದದ್ದು ಕಳ್ಳಸಾಗಣೆದಾರರಿಗಾಗಿ. ಮೊದಲೆರಡು ಅನುಸೂಚಿಗಳ ವಸ್ತುವನ್ನು ಮಾರುವವರು ಬಾಡಿಗೆ, ಸಂಬಳದಂತಹ ಖರ್ಚುಗಳನ್ನು ಆದಾಯದಿಂದ ಕಳೆಯುವಂತಿಲ್ಲವೆಂಬ ಆ ಕಲಂ, ರಾಜ್ಯದ ಪರವಾನಗಿ ಪಡೆದ ಅಂಗಡಿಯವರ ಕುತ್ತಿಗೆಗೂ ಬಿತ್ತು.

ವಾಹನ ಚಾಲನೆಯ ನಿಯಮಗಳಲ್ಲಿ ಕಾನೂನಿಗಿಂತ ವಿಜ್ಞಾನವೇ ಹಿಂದೆ ಬಿದ್ದಿದೆ. ಮದ್ಯಕ್ಕೆ ರಕ್ತದಲ್ಲಿ ಇಂತಿಷ್ಟೆಂಬ ಮಿತಿ ಇದ್ದ ಹಾಗೆ, ವಾಷಿಂಗ್ಟನ್ ರಾಜ್ಯ ಪ್ರತಿ ಮಿಲಿಲೀಟರ್ ರಕ್ತಕ್ಕೆ 5 ನ್ಯಾನೊಗ್ರಾಂ ಟಿಎಚ್‌ಸಿಯ ಮಿತಿ ಹಾಕಿದೆ. ಕೊಲೊರಾಡೊದಲ್ಲೂ ಅಂಕಿ ಅಷ್ಟೇ, ಆದರೆ ಅದು ನಶೆಯ ಅನುಮಾನಕ್ಕೆ ಆಧಾರವಷ್ಟೇ ಹೊರತು ಅಂತಿಮ ಸಾಕ್ಷ್ಯವಲ್ಲ. ದಿನವೂ ಸೇವಿಸುವವರ ರಕ್ತದಲ್ಲಿ ನಶೆ ಇಳಿದ ಮೇಲೂ ಟಿಎಚ್‌ಸಿ ದಿನಗಟ್ಟಲೆ ಉಳಿಯುತ್ತದೆ, ಅಪರೂಪಕ್ಕೆ ಸೇದಿದವರಲ್ಲಿ ನಶೆ ಇರುವಾಗಲೇ ಇಳಿದುಹೋಗಿರಬಹುದು. ಹಾಗಾಗಿ ಈ ಮಿತಿಗೆ ಮದ್ಯದ ಮಿತಿಗಿರುವ ಭದ್ರ ತಳಹದಿಯಿಲ್ಲ. ವಾಸನೆಯ ಮೇಲೆ ಪೊಲೀಸರು ಕಾರನ್ನು ಶೋಧಿಸಬಹುದೇ ಎಂಬ ಪ್ರಶ್ನೆಗೆ ಇಲಿನಾಯ್ ಸುಪ್ರೀಂ ಕೋರ್ಟ್ 2024ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಉತ್ತರ ಕೊಟ್ಟಿತು: ಸುಟ್ಟ ಗಾಂಜಾದ ವಾಸನೆಯೊಂದೇ ಸಾಲದು, ಹಸಿ ಗಾಂಜಾದ ವಾಸನೆ ಸಾಕು. ತಮಾಷೆಯಂತೆ ಕಂಡರೂ ತರ್ಕ ಸರಿಯಾಗಿದೆ. ಕಾರಿನಲ್ಲಿ ಗಾಂಜಾ ಒಯ್ಯುವುದಾದರೆ ವಾಸನೆ ಹೊರಬರದ ಡಬ್ಬಿಯಲ್ಲೇ ಒಯ್ಯಬೇಕೆಂದು ಆ ರಾಜ್ಯದ ಕಾನೂನು ಹೇಳುತ್ತದೆ, ಆದ್ದರಿಂದ ಹಸಿ ವಾಸನೆ ಬಂದರೆ ನಿಯಮ ಮುರಿದಿರುವ ಸಂಭವವಿದೆ.

ಕೆಲಸದ ಸ್ಥಳದಲ್ಲಿ ರಾಜ್ಯದ ಅನುಮತಿಗೆ ಎಷ್ಟು ಬೆಲೆ ಎಂಬುದು 2015ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟಿನ ತೀರ್ಪಿನಿಂದ ತಿಳಿಯಿತು. ಕೈಕಾಲು ಸ್ವಾಧೀನವಿಲ್ಲದ ನೌಕರರೊಬ್ಬರು ವೈದ್ಯರ ಸಲಹೆಯ ಮೇಲೆ, ಕೆಲಸದ ವೇಳೆಯ ಹೊರಗೆ ಗಾಂಜಾ ಬಳಸಿದ್ದಕ್ಕೆ ಕಂಪನಿ ಅವರನ್ನು ತೆಗೆದುಹಾಕಿತ್ತು. ಬಿಡುವಿನ ವೇಳೆಯ ‘ಕಾನೂನುಸಮ್ಮತ’ ಚಟುವಟಿಕೆಗೆ ರಾಜ್ಯದ ಕಾಯ್ದೆ ರಕ್ಷಣೆ ಕೊಡುತ್ತದಾದರೂ, ಕಾನೂನುಸಮ್ಮತವೆನಿಸಲು ರಾಜ್ಯ ಮತ್ತು ಫೆಡರಲ್ ಎರಡೂ ಕಾನೂನುಗಳು ಒಪ್ಪಬೇಕೆಂದು ಕೋರ್ಟ್ ಹೇಳಿ ಕಂಪನಿಯ ಪರ ನಿಂತಿತು. ಆಮೇಲೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನಂತಹ ರಾಜ್ಯಗಳು ನೌಕರರ ಪರವಾಗಿ ಕಾಯ್ದೆ ಮಾಡಿವೆ. ಆದರೆ ಫೆಡರಲ್ ನಿಯಮದಂತೆ ಪರೀಕ್ಷೆಗೊಳಗಾಗುವ ಲಾರಿ ಚಾಲಕರಿಗಾಗಲಿ ಭದ್ರತಾ ಅನುಮೋದನೆ ಬೇಕಿರುವ ಉದ್ಯೋಗಗಳಿಗಾಗಲಿ ಆ ರಕ್ಷಣೆ ತಾಗುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ಅಮೆರಿಕದ ಪ್ರಜೆಗೂ ಅನ್ವಯಿಸುತ್ತದೆ. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲೆ ಇರುವವರ ಪಾಲಿಗೆ ಮಾತ್ರ ಇದು ಬೇರೆಯೇ ತೂಕದ ವಿಷಯ, ಏಕೆಂದರೆ ವಲಸೆ ಸಂಪೂರ್ಣವಾಗಿ ಫೆಡರಲ್ ಸರ್ಕಾರದ ಕೈಯಲ್ಲಿದೆ, ಮತ್ತು ಆ ಕಣ್ಣಿಗೆ ರಾಜ್ಯದ ಕಾನೂನು ಕಾಣುವುದಿಲ್ಲ. ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಳ್ಳಲು (ಸ್ಟಾಂಪಿಂಗ್) ಊರಿಗೆ ಬಂದವರು ತುಂಬುವ ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ, ನಿಯಂತ್ರಿತ ವಸ್ತುಗಳಿಗೆ ಸಂಬಂಧಿಸಿದ ಯಾವುದೇ ಕಾನೂನನ್ನು ನೀವು ಎಂದಾದರೂ ಉಲ್ಲಂಘಿಸಿದ್ದೀರಾ ಎಂಬ ಪ್ರಶ್ನೆಯಿದೆ. ಬಂಧನವಾಗಿರಬೇಕೆಂದಿಲ್ಲ, ಶಿಕ್ಷೆಯಾಗಿರಬೇಕೆಂದಿಲ್ಲ, ಅಪರಾಧದ ಅಂಶಗಳನ್ನು ಬಾಯಿಬಿಟ್ಟು ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಲು ವಲಸೆ ಕಾಯ್ದೆಯಲ್ಲಿ ಅವಕಾಶವಿದೆ. ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ ರಸೀದಿ ಪಡೆದು ಕೊಂಡದ್ದೆಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಹಾಗೆಂದು ಸುಳ್ಳು ಹೇಳಿದರೆ ತಪ್ಪು ಮಾಹಿತಿ ಕೊಟ್ಟ ದೋಷ ಬೇರೆಯಾಗಿ ಸುತ್ತಿಕೊಂಡು, ಪ್ರವೇಶವನ್ನು ಶಾಶ್ವತವಾಗಿ ಮುಚ್ಚಬಹುದು. ವಲಸೆ ವಕೀಲರು ಪ್ರಜೆಗಳಲ್ಲದವರಿಗೆ ‘ಮುಟ್ಟಲೇಬೇಡಿ, ಮುಟ್ಟಿದ್ದರೆ ಅರ್ಜಿ ತುಂಬುವ ಮುನ್ನ ನಮ್ಮಲ್ಲಿಗೆ ಬನ್ನಿ’ ಎಂದು ಹೇಳುವುದು ಈ ಕಾರಣಕ್ಕೆ.

ಗ್ರೀನ್ ಕಾರ್ಡ್ ಇರುವವರಿಗೆ ಇದರಲ್ಲೊಂದು ಸೂಕ್ಷ್ಮ ಬಲೆಯಿದೆ. ಸ್ವಂತ ಬಳಕೆಗೆ 30 ಗ್ರಾಂವರೆಗೆ ಇಟ್ಟುಕೊಂಡಿದ್ದ ಒಂದೇ ಒಂದು ಅಪರಾಧಕ್ಕೆ ಗಡಿಪಾರು ಮಾಡುವಂತಿಲ್ಲವೆಂದು ಕಾಯ್ದೆ ವಿನಾಯಿತಿ ಕೊಟ್ಟಿದೆ. ಆದರೆ ಈ ವಿನಾಯಿತಿ ಇರುವುದು ದೇಶದೊಳಗೆ ಇರುವವರನ್ನು ಹೊರಹಾಕುವ ಕಲಮಿನಲ್ಲಿ, ಹೊರಗಿನಿಂದ ಬರುವವರನ್ನು ತಡೆಯುವ ಕಲಮಿನಲ್ಲಿ ಅಲ್ಲ. ಅಂತಹ ಶಿಕ್ಷೆಯೊಂದು ದಾಖಲೆಯಲ್ಲಿರುವ ವ್ಯಕ್ತಿ ಡಲ್ಲಾಸ್‌ನಲ್ಲಿ ನಿಶ್ಚಿಂತೆಯಿಂದ ಇದ್ದು, ತಂಗಿಯ ಮದುವೆಗೆಂದು ಹುಬ್ಬಳ್ಳಿಗೆ ಬಂದು ಹಿಂದಿರುಗಿದರೆ, ವಿಮಾನ ನಿಲ್ದಾಣದಲ್ಲಿ ಹೊಸದಾಗಿ ಪ್ರವೇಶ ಕೇಳುವವರ ಸಾಲಿಗೆ ಸೇರಿ ವಿಚಾರಣೆ ಎದುರಿಸಬೇಕಾಗುತ್ತದೆ. ಕ್ಷಮೆ ಕೋರುವ ಅರ್ಜಿಗೆ ಅವಕಾಶವಿದೆ. ಅದು ದೊರೆಯುತ್ತದೆಂಬ ಖಾತರಿಯಿಲ್ಲ. ಪೌರತ್ವದ ಅರ್ಜಿಗೂ ಇದೇ ನೆರಳು ಬೀಳುತ್ತದೆ. ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾ ಸಂಬಂಧಿತ ಚಟುವಟಿಕೆ, ಆ ಉದ್ಯಮದಲ್ಲಿ ಕೆಲಸ ಮಾಡುವುದೂ ಸೇರಿದಂತೆ, ‘ಸಚ್ಚಾರಿತ್ರ್ಯ’ದ ಷರತ್ತಿಗೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸೂಚನೆ ಹೊರಡಿಸಿತು. ಗಾಂಜಾ ಅಂಗಡಿಗಳಿಗೆ ತಂತ್ರಾಂಶ ಬರೆದುಕೊಡುವ ಕಂಪನಿಯಲ್ಲಿ ಸಂಬಳ ಪಡೆಯುವ ಎಂಜಿನಿಯರ್ ಕೂಡ ತನಗಿದು ಸಂಬಂಧವಿಲ್ಲವೆಂದು ಕುಳಿತಿರುವಂತಿಲ್ಲ.

ರಾಜ್ಯ ತನ್ನ ದಾಖಲೆಯಿಂದ ಶಿಕ್ಷೆಯನ್ನು ಅಳಿಸಿಹಾಕಿದರೂ ವಲಸೆ ಕಾನೂನಿನ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಅಳಿಯುವುದಿಲ್ಲ. ಅಧ್ಯಕ್ಷ ಬೈಡನ್ 2022ರ ಅಕ್ಟೋಬರಿನಲ್ಲಿ ಗಾಂಜಾ ಇಟ್ಟುಕೊಂಡ ಫೆಡರಲ್ ಅಪರಾಧಗಳಿಗೆ ಸಾಮೂಹಿಕ ಕ್ಷಮಾದಾನ ಘೋಷಿಸಿದಾಗಲೂ ಅದರ ವ್ಯಾಪ್ತಿಯಲ್ಲಿದ್ದವರು ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಹೊಂದಿದವರು. ಎಚ್-1ಬಿ ವೀಸಾದವರಾಗಲಿ ವಿದ್ಯಾರ್ಥಿಗಳಾಗಲಿ ಅದರಲ್ಲಿ ಸೇರಿರಲಿಲ್ಲ. ಬೈಡನ್ ಅದೇ ದಿನ ಗಾಂಜಾದ ಅನುಸೂಚಿಯನ್ನು ಮರುಪರಿಶೀಲಿಸಲು ಹೇಳಿದರು, 2023ರಲ್ಲಿ ಆರೋಗ್ಯ ಇಲಾಖೆ ಮೂರನೆಯ ಅನುಸೂಚಿಗೆ ಇಳಿಸಬಹುದೆಂದು ಶಿಫಾರಸು ಮಾಡಿತು, 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಕರಡು ನಿಯಮ ಪ್ರಕಟಿಸಿತು, ಅದರ ಮೇಲಿನ ವಿಚಾರಣೆ ನಿಂತುಹೋಯಿತು, 2025ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಕೆಲಸ ಚುರುಕುಗೊಳಿಸುವಂತೆ ಆದೇಶಿಸಿದರು. ಮೂರನೆಯ ಅನುಸೂಚಿಗೆ ಇಳಿದರೆ ಅಂಗಡಿಯವರು 280ಇ ಕಲಮಿನ ಹಿಡಿತದಿಂದ ಪಾರಾಗುತ್ತಾರೆ, ಸಂಶೋಧನೆ ಸುಲಭವಾಗುತ್ತದೆ. ಮೂರನೆಯ ಅನುಸೂಚಿಯಲ್ಲಿರುವುದು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಗಳಾದ್ದರಿಂದ ಮೋಜಿನ ಮಾರಾಟ ಆಗಲೂ ಫೆಡರಲ್ ಕಾನೂನಿಗೆ ವಿರುದ್ಧವೇ. ಇನ್ನು ವಲಸೆ ಕಾಯ್ದೆ ಮಾತನಾಡುವುದು ಒಟ್ಟಾರೆ ‘ನಿಯಂತ್ರಿತ ವಸ್ತು’ಗಳ ಬಗ್ಗೆ, ಮತ್ತು ಆ ಪದದೊಳಗೆ ಐದೂ ಅನುಸೂಚಿಗಳು ಸೇರುತ್ತವೆ. ಮೊದಲನೆಯದರಿಂದ ಮೂರನೆಯದಕ್ಕೆ, ಮೂರನೆಯದರಿಂದ ಐದನೆಯದಕ್ಕೇ ಇಳಿಸಿದರೂ ಡಿಎಸ್-160 ಅರ್ಜಿಯ ಆ ಪ್ರಶ್ನೆಗೆ ಕೊಡಬೇಕಾದ ಉತ್ತರ ಬದಲಾಗುವುದಿಲ್ಲ.